ಬಿಲ್ಲೆ ತೊಂಬತ್ತಾರು

ಏಳನೇ ಕಂತು

"ಸತ್ತ ಮನುಷ್ಯ ತಾನು ಬರೆದಿದ್ದನ್ನ ಮಾರನೇ ದಿನ ಬಂದು ತಿದ್ದುತ್ತಾನಾ, ಅಳಿಯಂದ್ರೇ?"

ಟೀ ಲೋಟವನ್ನು ತುಟಿಯವರೆಗೆ ತಂದಿದ್ದ ಇನ್‌ಸ್ಪೆಕ್ಟರ್ ಅದನ್ನು ಹಾಗೇ ಕೆಳಗಿಳಿಸಿದ.

"ಅತ್ತೆ, ಬೆಳಬೆಳಿಗ್ಗೆ ಫೋನ್ ಮಾಡಿ ಕರೆಸಿದ್ದು ಈ ಒಗಟು ಕೇಳೋಕಾ?"

"ಒಗಟಲ್ಲ. ಇಲ್ಲಿ ನೋಡಿ." ಕರಡಕ್ಕ ಕಂಪ್ಯೂಟರಿನ ಪರದೆಯನ್ನು ಅವನ ಕಡೆ ತಿರುಗಿಸಿದಳು. "ಪುಟ ಇನ್ನೂರ ಹದಿನಾಲ್ಕು. ತಿದ್ದಿದವರು ಸ್ಟೇಷನ್ ಮಾಸ್ಟರ್. ತಿದ್ದಿದ ಹೊತ್ತು ಬುಧವಾರ ಬೆಳಿಗ್ಗೆ ಹನ್ನೊಂದು ಇಪ್ಪತ್ತು."

ಇನ್‌ಸ್ಪೆಕ್ಟರ್ ಓದಿದ. ಇನ್ನೊಮ್ಮೆ ಓದಿದ.

ಆ ಬುಧವಾರ ಹನ್ನೊಂದು ಇಪ್ಪತ್ತಕ್ಕೆ ನಿವೃತ್ತ ಸ್ಟೇಷನ್ ಮಾಸ್ಟರ್ ತಮ್ಮ ಮನೆಯ ನಡುಮನೆಯಲ್ಲಿ ಬಿಳಿ ಬಟ್ಟೆ ಹೊದ್ದು ಮಲಗಿದ್ದರು. ಅದರ ಹಿಂದಿನ ಸಂಜೆ ಇದೇ ಗ್ರಂಥಾಲಯದ ಮೆಟ್ಟಿಲ ಬುಡದಲ್ಲಿ ಕತ್ತು ಮುರಿದು ಬಿದ್ದಿದ್ದ ಅವರ ಸಾವನ್ನು ಕಾಲು ಜಾರಿದ್ದು ಎಂದು ಬರೆದು ಮುಗಿಸಿ ಒಂಬತ್ತು ದಿನವಾಗಿತ್ತು. ಬರೆದವನು ಈ ಅಳಿಯನೇ.

ಗ್ರಂಥಾಲಯದ ಮಹಡಿ ಕೋಣೆಯಲ್ಲಿ ಇನ್ನೂ ಯಾರೂ ಬಂದಿರಲಿಲ್ಲ. ಆರು ಕಂಪ್ಯೂಟರು, ಆರು ಮರದ ಕುರ್ಚಿ. ಕಿಟಕಿಯ ಪಕ್ಕದ ಕುರ್ಚಿಯ ಮೇಲೆ ಸ್ಟೇಷನ್ ಮಾಸ್ಟರ್ ಮನೆಯಿಂದ ತಂದುಕೊಂಡಿದ್ದ ನೀಲಿ ದಿಂಬು ಇನ್ನೂ ಹಾಗೇ ಇತ್ತು. ಅದನ್ನು ಎತ್ತಿಡಲು ಯಾರಿಗೂ ಕೈ ಬಂದಿರಲಿಲ್ಲ.

ಇಲ್ಲಿ ನಡೆಯುವುದು ಸಂಬಳವಿಲ್ಲದ ಕೆಲಸ. ಎಂದೋ ಮುಚ್ಚಿಹೋದ ಬೆಂಕಿಕಡ್ಡಿ ಕಾರ್ಖಾನೆಯ ಹಾಜರಿ ಪುಸ್ತಕ, ಗೇಟು ಪುಸ್ತಕಗಳ ಚಿತ್ರಗಳನ್ನು ಪರದೆಯ ಮೇಲೆ ನೋಡುತ್ತ, ಗೇಟಿನವನ ಕೋಳಿಕಾಲಿನಂಥ ಅಕ್ಷರವನ್ನು ಬಿಡಿಸಿ ಟೈಪ್ ಮಾಡಬೇಕು. ಊರಿನ ಅರ್ಧ ಮನೆಗಳ ಅಜ್ಜ ಅಜ್ಜಿಯರು ಆ ಕಾರ್ಖಾನೆಯಲ್ಲಿ ದುಡಿದವರು. ನಮ್ಮಜ್ಜಿ ಯಾವಾಗ ಸೇರಿದಳು, ಯಾವ ವಿಭಾಗದಲ್ಲಿದ್ದಳು ಎಂದು ಕೇಳಿಕೊಂಡು ಮೊಮ್ಮಕ್ಕಳು ಬರುತ್ತಾರೆ. ಕರಡಕ್ಕ ಕೂಡ ಹಾಗೆ ಬಂದವಳೇ. ತನ್ನ ಅಜ್ಜಿ ಹನ್ನೊಂದನೇ ವಯಸ್ಸಿಗೆ ಕಡ್ಡಿ ಕಟ್ಟುವ ಕೆಲಸಕ್ಕೆ ಸೇರಿದ್ದಳು, ಆಗ ಅವಳ ಎತ್ತರ ಮೂರು ಅಡಿ ಒಂಬತ್ತು ಅಂಗುಲ ಎಂದು ಓದಿದ ದಿನ ಕೂತಲ್ಲೇ ಕಣ್ಣೊರೆಸಿಕೊಂಡಿದ್ದಳು. ಆಮೇಲೆ ಎದ್ದು ಹೋಗಲೇ ಇಲ್ಲ.

ಮೂವತ್ತೈದು ವರ್ಷ ಅಚ್ಚುಕೂಟದಲ್ಲಿ ಕರಡು ತಿದ್ದಿದವಳು ಅವಳು. ಒಂದು ಕೊಂಬು ತಪ್ಪಿದರೂ ಅಚ್ಚಿನ ಮೊಳೆ ಜೋಡಿಸುವವರ ಮುಖದ ನೀರಿಳಿಸುತ್ತಿದ್ದಳು. ಬೆನ್ನ ಹಿಂದೆ ಅವರು 'ಕರಡಿ' ಅನ್ನುತ್ತಿದ್ದರು, ಎದುರಿಗೆ 'ಕರಡಕ್ಕ'. ಎದುರಿನ ಹೆಸರು ಉಳಿಯಿತು.

"ನನಗೆ ಅರ್ಥವಾಗೋ ಹಾಗೆ ಹೇಳಿ," ಅಂದ ಇನ್‌ಸ್ಪೆಕ್ಟರ್, ಕುರ್ಚಿ ಎಳೆದುಕೊಂಡು. ನೀಲಿ ದಿಂಬಿನ ಕುರ್ಚಿಯನ್ನು ಅವನೂ ಮುಟ್ಟಲಿಲ್ಲ.

"ಒಂದೇ ಪುಟವನ್ನ ಇಬ್ಬರು ಬೇರೆ ಬೇರೆಯಾಗಿ ಟೈಪ್ ಮಾಡ್ತಾರೆ. ಅವರು ಏನು ಬರೆದ್ರು ಅಂತ ಇವರಿಗೆ ಕಾಣಲ್ಲ, ಇವರದ್ದು ಅವರಿಗೆ ಕಾಣಲ್ಲ. ಇಬ್ಬರದ್ದೂ ಒಂದೇ ಆದ್ರೆ ಪುಟ ಮುಚ್ಚಿಕೊಳ್ಳುತ್ತೆ. ಎಲ್ಲಾದ್ರೂ ಬೇರೆ ಬಂತು ಅಂದ್ರೆ ನನ್ನ ಹತ್ತಿರ ಬರುತ್ತೆ. ಯಾರು ಸರಿ ಅಂತ ನಾನು ಹೇಳಬೇಕು."

"ಸರಿ."

"ಈ ಪುಟ ಹೋದ ವಾರ ಸೋಮವಾರ ನನ್ನ ಹತ್ತಿರ ಬಂದಿತ್ತು. ಒಂದೇ ಒಂದು ಸಾಲಿಗೆ. ಸ್ಟೇಷನ್ ಮಾಸ್ಟರ್ 'ಹೊರಗೆ, ಮೂರು ನಲವತ್ತು' ಅಂತ ಬರೆದಿದ್ರು. ಇನ್ನೊಬ್ಬರು ಆ ಜಾಗ ಖಾಲಿ ಬಿಟ್ಟಿದ್ರು. ಹೊತ್ತಾಗಿತ್ತು, ಮೂಲ ಪುಸ್ತಕ ತೆಗೆಸಿ ನೋಡೋಣ ಅಂತ ನನ್ನ ನೋಟುಬುಕ್ಕಲ್ಲಿ ಗುರುತು ಹಾಕಿಕೊಂಡೆ." ಕರಡಕ್ಕ ನೀಲಿ ದಿಂಬಿನ ಕಡೆ ನೋಡಿದಳು. "ಮಂಗಳವಾರ ಅವರು ಹೋದ್ರು. ಬುಧವಾರ ಅವರ ಹೆಸರಿನಲ್ಲೇ ಯಾರೋ ಒಳಗೆ ಬಂದು ಮೂರು ನಲವತ್ತನ್ನ ಅಳಿಸಿದ್ರು. ಇಬ್ಬರದ್ದೂ ಖಾಲಿ ಆಯ್ತಲ್ಲ? ಪುಟ ತಾನಾಗೇ ಮುಚ್ಚಿಕೊಳ್ತು. ನನ್ನ ಪಟ್ಟಿಯಿಂದ ಮಾಯ. ಇವತ್ತು ನೋಟುಬುಕ್ ತೆಗೆದು ನೋಡದೇ ಇದ್ದಿದ್ರೆ ನನಗೂ ಗೊತ್ತಾಗ್ತಿರಲಿಲ್ಲ."

"ಯಾವ ಸಾಲು ಅದು?"

ಅವಳು ಪುಟದ ಚಿತ್ರವನ್ನು ದೊಡ್ಡದು ಮಾಡಿದಳು. ಹಳದಿಯಾದ ಕಾಗದ, ಕೈಯಲ್ಲೇ ಎಳೆದ ಗೀಟುಗಳು. ಕೆಲಸಗಾರರಿಗೆ ಹಿತ್ತಾಳೆಯ ಬಿಲ್ಲೆ ಕೊಡುತ್ತಿದ್ದ ಕಾಲ ಅದು. ಗೇಟಿನವನು ಹೆಸರು ಬರೆಯುತ್ತಿರಲಿಲ್ಲ, ಬಿಲ್ಲೆಯ ನಂಬರ್ ಮಾತ್ರ ಬರೆಯುತ್ತಿದ್ದ. ಒಳಗೆ ಬಂದ ಹೊತ್ತು, ಹೊರಗೆ ಹೋದ ಹೊತ್ತು, ಕೊನೆಗೊಂದು ಚಿಕ್ಕ ರುಜು.

ಪುಟದ ಮೇಲಿದ್ದ ತಾರೀಕು ನೋಡಿ ಇನ್‌ಸ್ಪೆಕ್ಟರ್ ಮುಖ ಗಂಭೀರವಾಯಿತು. ಆ ತಾರೀಕು ಊರಿನಲ್ಲಿ ಹುಟ್ಟಿದ ಯಾರಿಗೂ ಬಾಯಿಪಾಠ.

"ಬೆಂಕಿ ಬಿದ್ದ ದಿನ," ಅಂದ.

"ನಾಲ್ಕು ಗಂಟೆಗೆ ಬೆಂಕಿ. ಈ ಸಾಲು ನೋಡಿ. ಬಿಲ್ಲೆ ತೊಂಬತ್ತಾರು. ಒಳಗೆ ಏಳು ಐವತ್ತು. ಹೊರಗೆ ಮೂರು ನಲವತ್ತು."

"ಅರವತ್ತೊಂಬತ್ತು ಇರಬಹುದಲ್ಲ? ಆರೂ ಒಂಬತ್ತೂ ನೋಡೋಕೆ ಅವಳಿ ಮಕ್ಕಳ ಹಾಗೆ."

"ಪರವಾಗಿಲ್ಲ, ಮಾವನ ಮನೆ ನೀರು ಕುಡಿದದ್ದಕ್ಕೆ ಸ್ವಲ್ಪ ಬುದ್ಧಿ ಬಂದಿದೆ," ಅಂದಳು ಕರಡಕ್ಕ. ಮುಖದಲ್ಲಿ ಮಾತ್ರ ನಗುವಿರಲಿಲ್ಲ. "ಈ ಪುಟದಲ್ಲಿ ಇರೋ ಎಲ್ಲ ಆರನ್ನೂ ಎಲ್ಲ ಒಂಬತ್ತನ್ನೂ ಹೋಲಿಸಿ ನೋಡಿದೆ. ಈ ಗೇಟಿನವನು ಒಂಬತ್ತರ ಬಾಲವನ್ನ ಮೇಲಕ್ಕೆ ಚಿಮ್ಮಿಸ್ತಾನೆ, ಆರನ್ನ ಮೊಟಕು ಮಾಡಿ ನಿಲ್ಲಿಸ್ತಾನೆ. ಹಾಜರಿ ಪುಸ್ತಕದ ಪ್ರಕಾರ ಅರವತ್ತೊಂಬತ್ತು ಆ ದಿನ ಬಂದೇ ಇಲ್ಲ. ಇದು ತೊಂಬತ್ತಾರೇ."

"ತೊಂಬತ್ತಾರು ಅಂದ್ರೆ ಯಾರು?"

"ಉಗ್ರಾಣದ ಮೇಸ್ತ್ರಿ."

ಇನ್‌ಸ್ಪೆಕ್ಟರ್ ಕೈಯಲ್ಲಿದ್ದ ಲೋಟ ಮೇಜಿನ ಮೇಲೆ ಟಕ್ಕೆಂದು ಕೂತಿತು.

ಕಾರ್ಖಾನೆ ಮೈದಾನದ ಸ್ಮಾರಕದ ಕಲ್ಲಿನ ಮೇಲೆ ಇಪ್ಪತ್ತಮೂರು ಹೆಸರುಗಳಿವೆ. ಅದರಲ್ಲಿ ಮೊದಲನೆಯದು ಉಗ್ರಾಣದ ಮೇಸ್ತ್ರಿಯದು. ಹೆಂಗಸರ ವಿಭಾಗದ ಬಾಗಿಲಿಗೆ ಹೊರಗಿನಿಂದ ಬೀಗ ಬಿದ್ದಿತ್ತಂತೆ. ಬೀಗದ ಕೈ ಹಿಡಿದು ಬೆಂಕಿಯೊಳಗೆ ನುಗ್ಗಿದ ಮೇಸ್ತ್ರಿ ಆ ಹೆಣ್ಣುಮಕ್ಕಳ ಜೊತೆಯಲ್ಲೇ ಸುಟ್ಟುಹೋದನಂತೆ. ನಲವತ್ತೊಂದು ವರ್ಷದಿಂದ ಶಾಲೆಯ ಮಕ್ಕಳು ಕಲಿಯುತ್ತಿರುವ ಕಥೆ ಇದು. ಗುರುತು ಹಿಡಿಯಲಾಗದೆ ಕಪ್ಪಾಗಿದ್ದ ಇಪ್ಪತ್ತಮೂರು ದೇಹಗಳನ್ನು ಒಂದೇ ಕಡೆ ಮಣ್ಣು ಮಾಡಿದ್ದರು.

"ಟೀ ಕುಡಿಯೋಕೆ ಆಚೆ ಬಂದಿರಬಹುದು," ಅಂದ ಅಳಿಯ. ಅವನ ದನಿಯಲ್ಲೇ ನಂಬಿಕೆ ಇರಲಿಲ್ಲ. "ಬೆಂಕಿ ನೋಡಿ ವಾಪಸು ಓಡಿರಬಹುದು."

"ಓಡಿದ್ರೆ ಇನ್ನೊಂದು ಸಾಲು ಇರ್ತಿತ್ತು. ಈ ಗೇಟಿನವನು ಎಂಥವನು ಗೊತ್ತಾ? ಊರೆಲ್ಲ ಉರೀತಿದ್ರೂ ಗೇಟು ಬಿಟ್ಟು ಕದಲಿಲ್ಲ. ಓದಿ, ಕೊನೇ ಸಾಲು."

ಪುಟದ ಕೊನೆಯಲ್ಲಿ ಬರೆದಿತ್ತು: *ನಾಲ್ಕು ಇಪ್ಪತ್ತು. ಬೆಂಕಿ ಆರಿಸುವ ಗಾಡಿ. ಒಳಗೆ.*

"ಗಾಡಿಯನ್ನೂ ಬರೆದವನು ಮನುಷ್ಯನನ್ನ ಬಿಡ್ತಾನಾ?"

ಇನ್‌ಸ್ಪೆಕ್ಟರ್ ಲೋಟವನ್ನು ಬದಿಗೆ ಸರಿಸಿದ. ಕೆಳಗೆ ಯಾರೋ ಗ್ರಂಥಾಲಯದ ಕಬ್ಬಿಣದ ಬಾಗಿಲು ಎಳೆದ ಸದ್ದಾಯಿತು.

"ಅತ್ತೆ, ಖಾಲಿ ಬಿಟ್ಟ ಆ ಇನ್ನೊಬ್ಬರು ಯಾರು?"

"ಟೈಪಿಂಗ್ ಟೀಚರ್."

"ಮೇಸ್ತ್ರಿ ಹೆಂಡತಿ!"

"ಪುಟಗಳು ಯಾರಿಗೆ ಯಾವುದು ಬರುತ್ತೆ ಅಂತ ಯಾರ ಕೈಲೂ ಇಲ್ಲ. ಆಕೆಗೆ ಗಂಡ ಸತ್ತ ದಿನದ ಪುಟವೇ ಬಂದಿದೆ, ಪಾಪ."

"ಪಾಪವೋ ಏನೋ. ಸ್ಟೇಷನ್ ಮಾಸ್ಟರ್ ಪಾಸ್‌ವರ್ಡ್ ಯಾರಿಗೆಲ್ಲ ಗೊತ್ತಿತ್ತು?"

ಕರಡಕ್ಕ ನಿಟ್ಟುಸಿರು ಬಿಟ್ಟಳು. ತಾವು ಹಸಿರು ಬಾವುಟ ತೋರಿಸಿದ ಕೊನೆಯ ರೈಲಿನ ನಂಬರನ್ನೇ ಅವರು ಪಾಸ್‌ವರ್ಡ್ ಮಾಡಿಕೊಂಡಿದ್ದರು. ಮಾಡಿಕೊಂಡಿದ್ದಲ್ಲದೆ ಅದನ್ನು ಹೆಮ್ಮೆಯಿಂದ ಹೇಳಿಯೂ ಬಿಟ್ಟಿದ್ದರು. ಕೇಳಿಸಿಕೊಂಡವರು ಅವಳಲ್ಲದೆ ಮೂವರು. ಒಬ್ಬ ಗ್ರಂಥಪಾಲಕ, ಹೇಗೂ ಎಲ್ಲರ ಪಾಸ್‌ವರ್ಡ್ ಪಟ್ಟಿ ಅವನ ಖಾನೆಯಲ್ಲೇ ಇರುತ್ತದೆ. ಇನ್ನೊಬ್ಬರು ಟೀಚರ್. ಮೂರನೆಯವರು ಕಾರ್ಖಾನೆಯ ಹಳೇ ಯಜಮಾನರ ಮಗ. ಪುಸ್ತಕಗಳನ್ನು ಗ್ರಂಥಾಲಯಕ್ಕೆ ಕೊಟ್ಟವರೇ ಅವರು. ವಾರಕ್ಕೊಮ್ಮೆ ಬಂದು ಕೈ ಹಿಂದೆ ಕಟ್ಟಿಕೊಂಡು ಒಬ್ಬೊಬ್ಬರ ಕುರ್ಚಿಯ ಹಿಂದೆಯೂ ನಿಲ್ಲುತ್ತಿದ್ದರು. ಎಷ್ಟು ಪುಟ ಆಯಿತು ಎಂದು ಕೇಳುತ್ತಿರಲಿಲ್ಲ. ಯಾವ ವರ್ಷದವರೆಗೆ ಬಂದಿರಿ ಎಂದು ಮಾತ್ರ ಕೇಳುತ್ತಿದ್ದರು.

"ಮೂವರನ್ನೂ ಠಾಣೆಗೆ ಕರೆಸ್ತೀನಿ," ಎಂದು ಇನ್‌ಸ್ಪೆಕ್ಟರ್ ಎದ್ದ.

"ಟೀಚರ್‌ನ ಬೇಡ. ಆಕೆ ಠಾಣೆಗೆ ಬಂದ್ರೆ ಬಾಯಿಗೆ ಬೀಗ. ನಾನು ಹೋಗಿ ಮಾತಾಡ್ತೀನಿ."

"ಅತ್ತೆ, ಒಬ್ಬರೇ ಎಲ್ಲಿಗೂ ಹೋಗಬೇಡಿ. ನಿಮ್ಮ ಮಗಳಿಗೆ ಗೊತ್ತಾದ್ರೆ ನನ್ನ ಚರ್ಮ ಸುಲೀತಾಳೆ."

"ಒಬ್ಬಳೇ ಎಲ್ಲಿ? ಕೊಡೆ ಇದೆಯಲ್ಲ," ಎಂದು ಕರಡಕ್ಕ ಆಗಲೇ ಮೆಟ್ಟಿಲಿಳಿಯುತ್ತಿದ್ದಳು.

ಕೊನೆಯ ಮೂರು ಮೆಟ್ಟಿಲುಗಳನ್ನು ಇಳಿಯುವಾಗ ಅವಳು ಕಂಬಿಯನ್ನು ಬಿಗಿಯಾಗಿ ಹಿಡಿದಳು. ಮೆಟ್ಟಿಲು ಅಗಲವಾಗಿತ್ತು, ಒರಟಾಗಿತ್ತು. ನಲವತ್ತು ವರ್ಷ ಓಡುವ ರೈಲಿನ ಪಕ್ಕ ನಡೆದ ಮನುಷ್ಯ ಇಲ್ಲಿ ಕಾಲು ಜಾರಿದ ಎಂದರೆ ಅವಳ ಮನಸ್ಸು ಒಪ್ಪುತ್ತಿರಲಿಲ್ಲ.

* * *

ಟೀಚರ್ ಮನೆಯ ಮುಂದಿನ ಕೋಣೆಯೇ ಟೈಪಿಂಗ್ ಶಾಲೆ. ಒಂದು ಕಾಲಕ್ಕೆ ಹದಿನಾರು ಯಂತ್ರಗಳ ಸದ್ದಿಗೆ ಬೀದಿಯಲ್ಲಿ ಮಾತು ಕೇಳಿಸುತ್ತಿರಲಿಲ್ಲವಂತೆ. ಈಗ ಹದಿನಾಲ್ಕಕ್ಕೆ ಬಟ್ಟೆಯ ಮುಸುಕು. ಉಳಿದ ಎರಡರ ಮುಂದೆ ಇಬ್ಬರು ಹುಡುಗಿಯರು ಕೂತು ಪರೀಕ್ಷೆಗೆ ಬೆರಳು ಪಳಗಿಸುತ್ತಿದ್ದರು.

ಕರಡಕ್ಕನ ಮುಖ ನೋಡಿದ್ದೇ ಟೀಚರ್ ಗಡಿಯಾರದ ಕಡೆ ತಿರುಗಿದರು.

"ಇವತ್ತಿಗೆ ಸಾಕು, ಮನೆಗೆ ಹೋಗಿ," ಅಂದರು ಹುಡುಗಿಯರಿಗೆ.

"ಇನ್ನೂ ಅರ್ಧ ಗಂಟೆ ಇದೆ, ಮಿಸ್."

"ಸಾಕು ಅಂದೆ."

ಹುಡುಗಿಯರು ಹೋದರು. ಟೀಚರ್ ನೆಟ್ಟಗೆ ಕೂತರು. ಅರವತ್ತಾರು ವರ್ಷವಾದರೂ ಬೆನ್ನು ಬಾಗಿರಲಿಲ್ಲ. ಬೆರಳುಗಳು ಮಾತ್ರ ಮೇಜಿನ ಅಂಚಿನ ಮೇಲೆ, ಇಲ್ಲದ ಕೀಲಿಗಳನ್ನು ಒತ್ತುವಂತೆ ಮಿಸುಕುತ್ತಿದ್ದವು.

"ಪುಟ ಇನ್ನೂರ ಹದಿನಾಲ್ಕು," ಅಂದಳು ಕರಡಕ್ಕ.

"ಹೂಂ."

"ಎಂಟು ತಿಂಗಳಲ್ಲಿ ನಿಮ್ಮ ಕೈಯಲ್ಲಿ ಆದ ತಪ್ಪು ಎರಡು. ಎರಡೂ ಇಲಿ ಕಡಿದ ಜಾಗ. ಇಡೀ ಊರಲ್ಲಿ ಕಣ್ಣು ಮುಚ್ಚಿ ನಂಬೋ ಟೈಪಿಂಗ್ ಅಂದ್ರೆ ನಿಮ್ಮದು."

"ಇದು ಮೂರನೇದು ಅಂದ್ಕೊಳ್ಳಿ."

"ಟೀಚರ್, ಆ ಸಾಲಿನಲ್ಲಿ ಇಲಿ ಕಡಿದಿಲ್ಲ. ಮಸಿ ಹರಡಿಲ್ಲ. ಮೂರು ನಲವತ್ತು ಅನ್ನೋದು ಅಚ್ಚು ಹೊಡೆದ ಹಾಗೆ ಸ್ಪಷ್ಟವಾಗಿ ಕಾಣುತ್ತೆ."

ಕರಡಕ್ಕ ಕಾದಳು. ಕರಡು ತಿದ್ದುವವರಿಗೆ ಗೊತ್ತಿರುವ ವಿದ್ಯೆ ಅದೊಂದೇ. ಕಣ್ಣನ್ನು ಸಾಲಿನಿಂದ ತೆಗೆಯಬಾರದು.

"ಬೇಕಂತಲೇ ಬಿಟ್ಟೆ," ಅಂದರು ಟೀಚರ್ ಕೊನೆಗೆ. "ಸಾಕಾ?"

"ಯಾಕೆ?"

"ಯಾಕೆ ಅಂತ ಕೇಳ್ತೀರಲ್ಲ! ನಲವತ್ತೊಂದು ವರ್ಷ ಈ ಊರು ನನ್ನನ್ನ ಹೇಗೆ ನೋಡಿದೆ, ನಿಮಗೆ ಗೊತ್ತಿಲ್ವಾ? ಬಸ್ಸಲ್ಲಿ ಎದ್ದು ಜಾಗ ಕೊಡ್ತಾರೆ. ಪ್ರತಿ ವರ್ಷ ಆ ದಿನ ಮೊದಲ ಹೂವು ನನ್ನ ಕೈಯಲ್ಲೇ ಇಡಿಸ್ತಾರೆ. ಹೆಣ್ಣುಮಕ್ಕಳನ್ನ ಉಳಿಸೋಕೆ ಹೋಗಿ ಸತ್ತವನ ಹೆಂಡತಿ ನಾನು. ಮೂರು ನಲವತ್ತಕ್ಕೆ ಅವರು ಗೇಟು ದಾಟಿ ಹೋಗಿದ್ರು ಅಂತ ಬರೆದ್ರೆ ನಾನು ಯಾರ ಹೆಂಡತಿ?"

"ಗೇಟು ದಾಟಿ ಹೋದವರು ಮನೆಗೆ ಬರಲಿಲ್ವಾ?"

"ಬರಲಿಲ್ಲ." ಆ ಒಂದು ಮಾತು ಕತ್ತರಿಸಿದ ಹಾಗೆ ಬಂತು.

"ಸರಿ. ಹಾಗಾದ್ರೆ ನನಗೆ ಇನ್ನೊಂದು ಲೆಕ್ಕ ಹೇಳಿ. ಮಣ್ಣು ಮಾಡಿದ ದೇಹ ಇಪ್ಪತ್ತಮೂರು. ಕಲ್ಲಿನ ಮೇಲೆ ಹೆಸರು ಇಪ್ಪತ್ತಮೂರು. ಅದರಲ್ಲಿ ಒಬ್ಬರು ಒಳಗೇ ಇರಲಿಲ್ಲ ಅಂತಾಯ್ತು." ಕರಡಕ್ಕ ದನಿ ತಗ್ಗಿಸಿದಳು. "ಆ ಒಂದು ದೇಹ ಯಾರದು?"

ಟೀಚರ್ ಬೆರಳುಗಳು ನಿಂತವು.

"ಯಾರದೋ ಮನೆಯವರು ನಲವತ್ತೊಂದು ವರ್ಷದಿಂದ ಯಾರನ್ನೋ ಹುಡುಕ್ತಾ ಇರಬಹುದು, ಟೀಚರ್. ನಮ್ಮ ಮಹಡಿ ಕೋಣೆಗೇ ಬಂದು ಚೀಟಿ ಬರೆದು ಕೊಟ್ಟು ಹೋಗಿರಬಹುದು. ಸಿಕ್ಕಲಿಲ್ಲ ಅಂತ ನಾವೇ ವಾಪಸು ಕಳಿಸಿರಬಹುದು."

"ನನಗೆ ಗೊತ್ತಿಲ್ಲ. ದೇವರಾಣೆಗೂ ಗೊತ್ತಿಲ್ಲ."

"ಸ್ಟೇಷನ್ ಮಾಸ್ಟರ್ ಹೆಸರಲ್ಲಿ ಆ ಸಾಲು ಅಳಿಸಿದ್ದು?"

"ಏನು?" ಟೀಚರ್ ನಿಜವಾಗಿಯೂ ಬೆಚ್ಚಿದರು. "ಯಾವಾಗ?"

"ಬುಧವಾರ, ಹನ್ನೊಂದು ಇಪ್ಪತ್ತು."

"ಬುಧವಾರ ಆ ಹೊತ್ತಿಗೆ ನಾನು ಎಲ್ಲಿದ್ದೆ ಅಂತ ನಿಮಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತು? ಸ್ಟೇಷನ್ ಮಾಸ್ಟರ್ ಮನೇಲಿ ನಿಮ್ಮ ಪಕ್ಕದಲ್ಲೇ ಕೂತಿದ್ದೆ. ಅವರ ಮಗಳ ತಲೆ ನನ್ನ ತೊಡೆ ಮೇಲಿತ್ತು."

ಹೌದು. ಕರಡಕ್ಕನಿಗೆ ನೆನಪಾಯಿತು. ಅಳುತ್ತಿದ್ದ ಆ ಮಗಳ ಬೆನ್ನು ಸವರುತ್ತ ಟೀಚರ್ ಮಧ್ಯಾಹ್ನದವರೆಗೂ ಅಲ್ಲಿಂದ ಅಲ್ಲಾಡಿರಲಿಲ್ಲ. ಖಾಲಿ ಬಿಟ್ಟ ಕೈ ಬೇರೆ, ಅಳಿಸಿದ ಕೈ ಬೇರೆ.

ಆ ಯೋಚನೆ ಅವಳ ಮುಖದಲ್ಲಿ ಕಂಡಿರಬೇಕು. ಟೀಚರ್ ಏನನ್ನೋ ನಿರ್ಧರಿಸಿದವರಂತೆ ಎದ್ದರು. ಮೂಲೆಯ ಯಂತ್ರವೊಂದರ ಮುಸುಕು ಎತ್ತಿ, ಅದರ ಅಡಿಯಿಂದ ನಾಲ್ಕು ಮಡಿಕೆಯ ಹಸಿರು ಕಾಗದ ತೆಗೆದರು.

"ಇದನ್ನ ಪೊಲೀಸರಿಗೆ ಕೊಡಬೇಕಿತ್ತು. ಒಂಬತ್ತು ದಿನದಿಂದ ನಿದ್ದೆಯಿಲ್ಲ, ಕರಡಕ್ಕ."

ಅದು ಮಹಡಿ ಕೋಣೆಯದೇ ಚೀಟಿ. ತಮ್ಮವರ ದಾಖಲೆ ಹುಡುಕಿಸಿಕೊಳ್ಳಲು ಬರುವವರು ತುಂಬಿಕೊಡುವ ಚೀಟಿ. ಮುಂದಿನ ಮೇಜಿನಲ್ಲಿ ಕೂತು ಅವನ್ನು ತೆಗೆದುಕೊಳ್ಳುತ್ತಿದ್ದವರು ಸ್ಟೇಷನ್ ಮಾಸ್ಟರ್. ತಾರೀಕಿನ ಪಕ್ಕದಲ್ಲಿ ಅವರ ರುಜು ಇತ್ತು. ಅವರು ಸತ್ತ ಮಂಗಳವಾರದ್ದೇ ತಾರೀಕು.

*ಯಾರ ದಾಖಲೆ ಬೇಕು:* ಬಿಲ್ಲೆ ೯೬, ಉಗ್ರಾಣ.

*ಯಾವ ವರ್ಷ:* ಬೆಂಕಿ ಬಿದ್ದ ವರ್ಷ.

*ಅವರು ನಿಮಗೆ ಏನಾಗಬೇಕು:*

ಈ ಸಾಲಿನ ಮುಂದೆ ಜನ ಸಾಮಾನ್ಯವಾಗಿ ಅಜ್ಜ ಎಂದು ಬರೆಯುತ್ತಾರೆ. ಮುತ್ತಜ್ಜಿ ಎನ್ನುತ್ತಾರೆ, ದೊಡ್ಡಪ್ಪ ಎನ್ನುತ್ತಾರೆ. ಇಲ್ಲಿ ಒಂದೇ ಪದವಿತ್ತು.

*ನಾನೇ.*

ಕರಡಕ್ಕ ಕನ್ನಡಕ ತೆಗೆದು, ಸೆರಗಿನಿಂದ ಒರೆಸಿ, ಮತ್ತೆ ಹಾಕಿಕೊಂಡು ಓದಿದಳು. ಪದ ಬದಲಾಗಲಿಲ್ಲ.

"ಮಂಗಳವಾರ ಮಧ್ಯಾಹ್ನ ಸ್ಟೇಷನ್ ಮಾಸ್ಟರ್ ಇದನ್ನ ಹಿಡ್ಕೊಂಡು ಇಲ್ಲಿಗೆ ಬಂದ್ರು," ಅಂದರು ಟೀಚರ್. "ಟೋಪಿ ಹಾಕಿದ್ದ ಮುದುಕ ಒಬ್ಬ ಕೊಟ್ಟು ಹೋದ ಅಂದ್ರು. 'ಟೀಚರಮ್ಮ, ಇದು ತಮಾಷೆಯೋ, ಹುಚ್ಚೋ, ನೀವೇ ನೋಡಿ ಹೇಳಿ. ಅಕ್ಷರ ಗುರುತು ಸಿಕ್ಕುತ್ತಾ?' ಅಂತ ಕೇಳಿದ್ರು. ನಾನು ಇಲ್ಲ ಅಂದೆ. ಯಾರೋ ಕಿಡಿಗೇಡಿ, ಹರಿದು ಹಾಕಿ ಅಂದೆ."

"ಸುಳ್ಳು ಹೇಳಿದ್ರಿ."

"ಮದುವೆಗೆ ಮುಂಚೆ ಎರಡು ವರ್ಷ ಈ ಅಕ್ಷರದಲ್ಲಿ ನನಗೆ ವಾರಕ್ಕೊಂದು ಕಾಗದ ಬರ್ತಿತ್ತು. ಕೈ ನಡುಗಿದೆ, ವಯಸ್ಸಾಗಿದೆ. ಅಕ್ಷರ ಅದೇ." ಟೀಚರ್ ಕಣ್ಣೊರೆಸಿಕೊಂಡರು. "ಸ್ಟೇಷನ್ ಮಾಸ್ಟರ್ ನನ್ನ ಮಾತು ನಂಬಲಿಲ್ಲ ಅನ್ಸುತ್ತೆ. ಚೀಟಿ ಇಲ್ಲೇ ಬಿಟ್ಟು, ಬಾಗಿಲ ಹತ್ತಿರ ನಿಂತು ಹೇಳಿದ್ರು, 'ಆತ ಸಂಜೆ ಆರಕ್ಕೆ ಮತ್ತೆ ಬರ್ತಾನಂತೆ, ಮೂಲ ಪುಸ್ತಕ ಕಣ್ಣಾರೆ ನೋಡಬೇಕಂತೆ. ಗ್ರಂಥಪಾಲಕರಿಗೆ ಹೇಳಿ ಪುಸ್ತಕ ತೆಗೆಸಿಡ್ತೀನಿ' ಅಂತ."

ಆರೂ ಹತ್ತಕ್ಕೆ ಸ್ಟೇಷನ್ ಮಾಸ್ಟರ್ ಮೆಟ್ಟಿಲ ಬುಡದಲ್ಲಿದ್ದರು.

ಕರಡಕ್ಕ ಚೀಟಿಯನ್ನು ಮೇಜಿನ ಮೇಲಿಟ್ಟು, ಅಚ್ಚುಕೂಟದಲ್ಲಿ ಮಾಡುತ್ತಿದ್ದಂತೆ ಅಂಗೈಯಿಂದ ಮಡಿಕೆ ಬಿಡಿಸಿದಳು. ಏನೋ ಹೊಂದುತ್ತಿರಲಿಲ್ಲ. ತಾನು ಬದುಕಿದ್ದೇನೆ ಎಂದು ಕೈಯಾರೆ ಬರೆದುಕೊಟ್ಟವನು, ತಾನು ಬದುಕಿ ಹೊರಬಂದದ್ದಕ್ಕೆ ಇರುವ ಒಂದೇ ಸಾಕ್ಷಿಯನ್ನು ಯಾಕೆ ಅಳಿಸುತ್ತಾನೆ? ಅದು ಉಳಿಯಬೇಕು ಎಂದೇ ಅಲ್ಲವೇ ಅವನು ಬಂದದ್ದು?

"ಟೀಚರ್, ಆ ಸಾಲು ಅಳಿಸಿದವನು ನಿಮ್ಮ ಗಂಡ ಅಲ್ಲ," ಅಂದಳು ನಿಧಾನವಾಗಿ. "ಆರು ಗಂಟೆಗೆ ಅವರು ಬರ್ತಾರೆ ಅಂತ ಇನ್ನೊಬ್ಬರಿಗೂ ಗೊತ್ತಿತ್ತು. ಗ್ರಂಥಪಾಲಕನಿಗೆ ಗೊತ್ತಿತ್ತು. ಅವನು ಯಾರಿಗೆ ಹೇಳಿದ ಅನ್ನೋದು ನೋಡಬೇಕು. ಮೆಟ್ಟಿಲ ಮೇಲೆ ಕಾದವನು ಮುದುಕನಿಗೆ ಕಾದಿದ್ನೋ, ಸ್ಟೇಷನ್ ಮಾಸ್ಟರ್‌ಗೆ ಕಾದಿದ್ನೋ..."

"ಹಾಗಾದ್ರೆ ಅವರು... ಅವರು ಈಗ ಎಲ್ಲಿ?"

ಹದಿನಾಲ್ಕು ಮುಸುಕಿನ ಯಂತ್ರಗಳು ಸಾಲಾಗಿ ಕೂತು ಕೇಳಿಸಿಕೊಳ್ಳುತ್ತಿರುವಂತಿತ್ತು. ಬೀದಿಯ ಕಡೆ ತೆರೆದಿದ್ದ ಬಾಗಿಲಿನಿಂದ ಒಳಬಿದ್ದ ಬಿಸಿಲಿನಲ್ಲಿ ಯಾರದೋ ನೆರಳು ಹಾದು ಹೋಯಿತು. ಇಬ್ಬರೂ ತಿರುಗಿ ನೋಡಿದರು. ಹಾಲಿನ ಕ್ಯಾನು ಹೊತ್ತ ಸೈಕಲ್ಲು.

ಅಷ್ಟರಲ್ಲಿ ಫೋನ್ ಬಡಿದುಕೊಂಡಿತು. ಗಡಿಬಿಡಿಯಲ್ಲಿ ಕರಡಕ್ಕನ ಬ್ಯಾಗಿನಿಂದ ಫೋನು ಜಾರಿ ಮೇಜಿನ ಮೇಲೆ ಬಿತ್ತು. ಎತ್ತಿಕೊಳ್ಳುವಾಗ ಬೆರಳು ಎಲ್ಲಿಗೆ ತಗುಲಿತೋ, ಅಳಿಯನ ದನಿ ಇಡೀ ಕೋಣೆಗೆ ಕೇಳಿಸಿತು.

"ಅತ್ತೆ, ಎಲ್ಲಿದ್ದೀರಿ?"

"ಟೀಚರ್ ಮನೇಲಿ. ಯಾಕೆ, ಉಸಿರು ಕಟ್ಟಿಕೊಂಡು ಮಾತಾಡ್ತಿದ್ದೀರಿ?"

"ಕಾರ್ಖಾನೆ ಮೈದಾನದಲ್ಲಿದ್ದೀನಿ. ಗುಡಿಸೋ ಹೆಂಗಸು ಬಂದು ದೂರು ಕೊಟ್ಟಳು. ಸ್ಮಾರಕದ ಕಲ್ಲಿನ ಮೇಲೆ ಮೊದಲನೇ ಹೆಸರು ಇಲ್ಲ."

"ಇಲ್ಲ ಅಂದ್ರೆ?"

"ಉಳಿ ಸುತ್ತಿಗೆ ತಗೊಂಡು ಕೆತ್ತಿ ಹಾಕಿದ್ದಾರೆ. ಅಂಗೈ ಅಗಲ ಬಿಳಿ ಕಲ್ಲು ಕಾಣ್ತಿದೆ. ಪುಡಿ ಇನ್ನೂ ಕೆಳಗೇ ಬಿದ್ದಿದೆ, ಗಾಳಿಗೂ ಹಾರಿಲ್ಲ. ಬೆಳಗಾದ ಮೇಲೇ ಮಾಡಿರೋ ಕೆಲಸ."

ಟೀಚರ್ ಮೇಜಿನ ಅಂಚು ಹಿಡಿದುಕೊಂಡರು. ಕರಡಕ್ಕ ಅವರ ಕೈಯ ಮೇಲೆ ತನ್ನ ಕೈಯಿಟ್ಟಳು.

"ಅಷ್ಟೇ ಅಲ್ಲ, ಅತ್ತೆ. ಆ ಜಾಗದಲ್ಲಿ ಬೇರೆ ಏನೋ ಕೆತ್ತಿದ್ದಾರೆ. ಹೆಸರಲ್ಲ, ನಂಬರು. ಬಿಲ್ಲೆ ನಂಬರೇ ಇರಬೇಕು. ಒಂದು, ನಾಲ್ಕು, ಎರಡು. ನೂರಾ ನಲವತ್ತೆರಡು. ಯಾರದು ಅಂತ ಗ್ರಂಥಾಲಯದಲ್ಲಿ ಹುಡುಕಿಸ್ತಿದ್ದೀನಿ. ಗ್ರಂಥಪಾಲಕ ಇನ್ನೂ ಬಂದಿಲ್ಲ, ಮನೇಲೂ ಇಲ್ಲ. ಅತ್ತೆ? ಕೇಳಿಸ್ತಾ?"

ಕರಡಕ್ಕನ ಕೈಯ ಕೆಳಗಿದ್ದ ಕೈ ಮೆಲ್ಲಗೆ ಜಾರಿಕೊಂಡಿತು.

ಟೀಚರ್ ಎದ್ದು ನಿಂತಿದ್ದರು. ಅಳು ನಿಂತಿತ್ತು. ಪರೀಕ್ಷೆಗೆ ಗಂಟೆ ಬಾರಿಸುವ ಮುಂಚಿನ ಹಾಗೆ ಮುಖ ಬಿಗಿದುಕೊಂಡು ಅವರು ಬೀದಿಯ ಬಾಗಿಲಿನವರೆಗೆ ನಡೆದರು. ಎಡಕ್ಕೊಮ್ಮೆ, ಬಲಕ್ಕೊಮ್ಮೆ ನೋಡಿದರು. ಬಾಗಿಲು ಮುಚ್ಚಿ ಒಳಗಿನಿಂದ ಚಿಲಕ ಹಾಕಿದರು. ಮೇಲಿನದು, ಆಮೇಲೆ ಕೆಳಗಿನದು.

"ಹುಡುಕಿಸೋದು ಬೇಡ ಅಂತ ನಿಮ್ಮ ಅಳಿಯನಿಗೆ ಹೇಳಿ," ಅಂದರು. "ನೂರಾ ನಲವತ್ತೆರಡು ನಂದು."

"ನಿಮ್ಮದಾ? ನೀವು ಆ ಕಾರ್ಖಾನೆಯಲ್ಲಿ..."

"ಮದುವೆಯಾದ ಮೇಲೆ ಹನ್ನೊಂದು ತಿಂಗಳು. ಹೆಂಗಸರ ವಿಭಾಗದಲ್ಲಿ." ಟೀಚರ್ ಚಿಲಕದ ಮೇಲಿನ ಕೈ ತೆಗೆಯಲಿಲ್ಲ. "ಆ ದಿನ ಮೂರು ನಲವತ್ತಕ್ಕೆ ಗೇಟು ದಾಟಿ ಬಂದದ್ದು ಅವರೊಬ್ಬರೇ ಅಲ್ಲ, ಕರಡಕ್ಕ."